ಗೇರ್ ಕೈಗೆ ಹಿತವಾಗಿ ಬೀಳಬೇಕಾದರೆ

ವಾಹನ ಅಂಕಣ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮ್ಯಾನ್ಯುಯಲ್ ಗೇರ್‌ಬಾಕ್ಸ್ ಇರುವ ಸ್ಪೋರ್ಟ್ಸ್ ಕಾರುಗಳನ್ನು ಓಡಿಸುವ ಓದುಗರು ಕೇಳುತ್ತಿರುವ ಪ್ರಶ್ನೆಗಳಲ್ಲಿ ಒಂದೇ ವಿಷಯ ಬೇರೆಬೇರೆ ರೂಪದಲ್ಲಿ ಕಾಣಿಸಿಕೊಂಡಿದೆ. ಗೇರ್ ಬದಲಾಯಿಸುವಾಗ ಕೈಗೆ ಸಿಗಬೇಕಾದ ಖಚಿತತೆ ಸಿಗುತ್ತಿಲ್ಲ, ಅದನ್ನು ಮರಳಿ ಪಡೆಯುವುದು ಹೇಗೆ ಎಂಬುದೇ ಆ ವಿಷಯ. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಬಳಿ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಇದೆ. ಐದು ಗೇರ್‌ಗಳ ಗೇರ್‌ಬಾಕ್ಸ್. ಎಂಜಿನ್, ಸಸ್ಪೆನ್ಷನ್ ಎರಡೂ ಚೆನ್ನಾಗಿವೆ. ಆದರೆ ಗೇರ್ ಲಿವರ್ ಸಡಿಲವಾಗಿ ಅಲ್ಲಾಡುತ್ತದೆ, ಕೆಲವು ವೇಗಗಳಲ್ಲಿ ಗಡಗಡ ಸದ್ದನ್ನೂ ಮಾಡುತ್ತದೆ. ಬೆಳಿಗ್ಗೆ ಗಾಡಿ ತೆಗೆದ ಸ್ವಲ್ಪ ಹೊತ್ತಿನವರೆಗೆ ಎರಡನೆಯ ಗೇರ್ ಬೀಳುವುದೇ ಕಷ್ಟ. ಲಿವರ್‌ನ ಚಲನೆಯನ್ನು ಚಿಕ್ಕದು ಮಾಡುವ ಶಾರ್ಟ್ ಶಿಫ್ಟರ್ ಹಾಕಿಸಿದರೆ ಎರಡೂ ಸರಿಹೋಗುತ್ತವೆ ಎಂದು ಗೆಳೆಯರು ಹೇಳುತ್ತಾರೆ. ಹಾಕಿಸಬಹುದೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿರುವ ಎರಡು ತೊಂದರೆಗಳ ಮೂಲ ಬೇರೆಬೇರೆ. ಶಾರ್ಟ್ ಶಿಫ್ಟರ್ ಅವೆರಡಕ್ಕೂ ಮದ್ದಲ್ಲ. ಎರಡನೆಯದನ್ನಂತೂ ಅದು ಇನ್ನಷ್ಟು ಎದ್ದು ಕಾಣುವಂತೆ ಮಾಡುತ್ತದೆ.

ಲಿವರ್ ಹಿಡಿದ ಅಂಗೈಗೆ ತಿಳಿಯುವುದು ಒಂದೇ ಒಂದು ಭಾಗದ ಗುಣವಲ್ಲ. ಮೇಲೆ ನಾಬ್, ಅದರ ಕೆಳಗೆ ಲಿವರ್, ಲಿವರ್ ತಿರುಗುವ ಗುಂಡು, ಅದರ ತುದಿಯ ಬುಷ್ (ಸಡಿಲವನ್ನೂ ಸವೆತವನ್ನೂ ತಡೆಯುವ ಒಳಹೊದಿಕೆ), ಗೇರ್‌ಬಾಕ್ಸ್ ಒಳಗಿನ ಶಿಫ್ಟ್ ಸರಳು, ಆ ಸರಳಿನ ತಗ್ಗುಗಳಿಗೆ ಸ್ಪ್ರಿಂಗ್ ಬಲದಿಂದ ಒತ್ತಿ ಕೂರುವ ಉಕ್ಕಿನ ಗುಂಡುಗಳು (ಇವನ್ನು ಡಿಟೆಂಟ್ ಎನ್ನುತ್ತಾರೆ), ಆ ಸರಳು ದೂಡುವ ಕವಲು (ಫೋರ್ಕ್), ಫೋರ್ಕ್ ಸರಿಸುವ ಹಲ್ಲಿನ ಬಳೆ (ಸ್ಲೀವ್), ಕೊನೆಗೆ ವೇಗ ಹೊಂದಿಸುವ ಸಿಂಕ್ರೊನೈಸರ್ ಉಂಗುರ: ಇವೆಲ್ಲ ಒಂದರ ಹಿಂದೆ ಒಂದು ಕೆಲಸ ಮಾಡುತ್ತವೆ. ಸುಸ್ಥಿತಿಯಲ್ಲಿರುವ ಗೇರ್‌ಬಾಕ್ಸ್‌ನಲ್ಲಿ ಒಂದು ಗೇರ್ ಹಾಕುವಾಗ ಕೈಗೆ ಮೂರು ಹಂತಗಳು ಸ್ಪಷ್ಟವಾಗಿ ತಿಳಿಯುತ್ತವೆ. ಮೊದಲು ಡಿಟೆಂಟ್ ತನ್ನ ತಗ್ಗಿನಿಂದ ಎದ್ದುಬರುವ ಸಣ್ಣ ತಡೆ, ಆಮೇಲೆ ಸಿಂಕ್ರೊ ಉಂಗುರ ಗೇರ್‌ನ ಶಂಕುವಿಗೆ ಒತ್ತಿಕೊಂಡು ಎರಡರ ವೇಗವನ್ನೂ ಸಮ ಮಾಡುವಾಗಿನ ಮೆತ್ತನೆಯ ಎದುರೊತ್ತು, ಕೊನೆಗೆ ವೇಗ ಸಮವಾದ ಕ್ಷಣ ಸ್ಲೀವ್ ಸರಕ್ಕನೆ ಮುಂದೆ ಸರಿದು ಹಲ್ಲುಗಳು ಕೂಡಿಕೊಳ್ಳುವುದು. ಹಿತವಾದ ಗೇರ್ ಎಂದರೆ ಈ ಮೂರು ಹಂತಗಳೂ ಕಲಸಿಹೋಗದೆ ಕೈಗೆ ತಲುಪುವ ಗೇರ್. ಲಿವರ್ ಎಷ್ಟು ದೂರ ಚಲಿಸುತ್ತದೆ ಎಂಬುದು ಆಮೇಲಿನ ಮಾತು.

ನಿಮ್ಮ ಕಾರಿನಲ್ಲಿ ಲಿವರ್ ನೇರವಾಗಿ ಗೇರ್‌ಬಾಕ್ಸ್‌ನ ಬಾಲದ ಕವಚಕ್ಕೇ ಇಳಿಯುತ್ತದೆ. ನಡುವೆ ಕೇಬಲ್ ಇಲ್ಲ, ಉದ್ದನೆಯ ಜೋಡಣೆಯೂ ಇಲ್ಲ. 1989ರಲ್ಲಿ ಬಂದಾಗಿನಿಂದ ಆ ಕಾರಿನ ಗೇರ್‌ಗೆ ಇರುವ ಒಳ್ಳೆಯ ಹೆಸರಿಗೆ ಇದೇ ಮುಖ್ಯ ಕಾರಣ. ಅಲ್ಲಿ ಲಿವರ್ ಸಡಿಲವಾಯಿತೆಂದರೆ ಹುಡುಕಬೇಕಾದ ಜಾಗವೂ ಚಿಕ್ಕದು. ನಡುವಿನ ಕನ್ಸೋಲ್ ತೆಗೆದು, ದೊಡ್ಡ ರಬ್ಬರ್ ಬೂಟನ್ನು ಎತ್ತಿದರೆ ಅದರ ಕೆಳಗೆ ಇನ್ನೊಂದು ಸಣ್ಣ ರಬ್ಬರ್ ಬೂಟು ಕಾಣುತ್ತದೆ. ವಯಸ್ಸಾದ ಕಾರುಗಳಲ್ಲಿ ಅದು ಬಹಳ ಸಲ ಲಿವರ್‌ನ ಸುತ್ತ ಹರಿದಿರುತ್ತದೆ. ಅದು ಹರಿದರೆ ಕೆಳಗಿನ ಬಿಸಿಗಾಳಿಯೂ ಗೇರ್ ಎಣ್ಣೆಯ ವಾಸನೆಯೂ ಒಳಗೆ ಬರುತ್ತವೆ. ಲಿವರ್ ಸುತ್ತಲಿನ ಜಾಗ ಕಾಲಿಗೆ ಬಿಸಿ ತಾಗುವಷ್ಟು ಕಾದಿರುತ್ತದೆ. ಅಲ್ಲಿರುವ ಮೂರು ಬೋಲ್ಟುಗಳನ್ನು ಬಿಚ್ಚಿದರೆ ಲಿವರ್ ಇಡಿಯಾಗಿ ಮೇಲೆ ಬರುತ್ತದೆ. ಈಗ ಅದರ ಕೆಳತುದಿಯನ್ನು ನೋಡಿ. ಅಲ್ಲಿ ಬಟ್ಟಲಿನಂಥ ಒಂದು ಪುಟ್ಟ ಪ್ಲಾಸ್ಟಿಕ್ ಬುಷ್ ಇರಬೇಕು. ಅದು ಸೀಳಿರಬಹುದು, ಒಂದು ಬದಿಗೆ ಸವೆದಿರಬಹುದು, ಚೂರಾಗಿ ಕೆಳಗೆ ಬಿದ್ದಿರಲೂಬಹುದು. ಲಿವರ್ ಇಳಿಯುವ ಆ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ತಳದಲ್ಲಿ ಎಣ್ಣೆ ಕಾಣಬೇಕು. ಕಂದು ಬಣ್ಣದ ಒಣ ಜಿಡ್ಡು ಮಾತ್ರ ಕಂಡರೆ ಅಲ್ಲಿನ ಎಣ್ಣೆ ಎಂದೋ ಮುಗಿದುಹೋಗಿದೆ ಎಂದರ್ಥ. ಮುಖ್ಯ ಗೇರ್‌ಬಾಕ್ಸ್‌ನ ಎಣ್ಣೆ ಇಲ್ಲಿಗೆ ಬರುವುದಿಲ್ಲ. ಇದು ಪ್ರತ್ಯೇಕವಾಗಿ ತುಂಬಬೇಕಾದ ಜಾಗವಾದ್ದರಿಂದ ಗೇರ್ ಎಣ್ಣೆ ಬದಲಾಯಿಸಿದವರು ಕೂಡ ಇದನ್ನು ಮರೆತುಬಿಡುವುದುಂಟು. ಹಳೆಯ ಜಿಡ್ಡನ್ನು ತೆಗೆದು, ಹೊಸ ಬುಷ್, ಲಿವರ್ ಗುಂಡಿನ ಹೊಸ ಪ್ಲಾಸ್ಟಿಕ್ ಪೀಠ, ಹೊಸ ಬೂಟು ಹಾಕಿ, ಕೈಪಿಡಿ ಹೇಳುವಷ್ಟು ಗೇರ್ ಎಣ್ಣೆ ತುಂಬಿ ಲಿವರನ್ನು ಮರಳಿ ಕೂರಿಸಿ. ಗಡಗಡ ಸದ್ದೂ ಸಡಿಲವೂ ಇದರಿಂದಲೇ ಹೋಗುವ ಸಾಧ್ಯತೆ ಬಹಳ ಹೆಚ್ಚು. ಈ ಕಾರಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಇನ್ನೊಂದು ಕೆಲಸ ನಮಗೆ ತಿಳಿದಿಲ್ಲ.

ಬೆಳಗಿನ ಎರಡನೆಯ ಗೇರ್‌ನ ವಿಷಯ ಬೇರೆ. ಅದು ಎಣ್ಣೆಗೂ ಸಿಂಕ್ರೊಗೂ ಸೇರಿದ್ದು. ಸಿಂಕ್ರೊ ಉಂಗುರದ ಒಳಮೈಯಲ್ಲಿರುವ ನವುರಾದ ಗೀರುಗಳು ಎಣ್ಣೆಯ ಪದರವನ್ನು ಹರಿದು ಲೋಹವನ್ನು ಹಿಡಿಯಬೇಕು. ತಣ್ಣಗಿರುವ ದಪ್ಪ ಎಣ್ಣೆ ಆ ಪದರವನ್ನು ಬೇಗ ಬಿಟ್ಟುಕೊಡುವುದಿಲ್ಲ. ಎರಡನೆಯ ಗೇರ್‌ಗೇ ಏಕೆ ಹೀಗಾಗುತ್ತದೆ ಎಂಬುದಕ್ಕೆ ನಿಮ್ಮ ಗೇರ್‌ಬಾಕ್ಸ್‌ನ ಅನುಪಾತಗಳೇ ಉತ್ತರ ಹೇಳುತ್ತವೆ. ಮೊದಲನೆಯದು 3.136, ಎರಡನೆಯದು 1.888, ನಾಲ್ಕನೆಯದು 1.000, ಐದನೆಯದು 0.814. ಒಂದನೆಯ ಗೇರ್‌ನಲ್ಲಿ 6000 ಆರ್‌ಪಿಎಂ ಮುಟ್ಟಿ ಎರಡನೆಯದಕ್ಕೆ ಹೋದರೆ ಇನ್‌ಪುಟ್ ಶಾಫ್ಟ್ (ಕ್ಲಚ್‌ನಿಂದ ಗೇರ್‌ಬಾಕ್ಸ್‌ಗೆ ಬಲ ತರುವ ದಂಡ) ಸುಮಾರು 3600ಕ್ಕೆ ಇಳಿಯಬೇಕು, ಅಂದರೆ 2400ರಷ್ಟು ಇಳಿತ. ನಾಲ್ಕರಿಂದ ಐದಕ್ಕೆ ಹೋಗುವಾಗ ಆ ಇಳಿತ ಸುಮಾರು 1100 ಮಾತ್ರ. ಎರಡನೆಯ ಗೇರ್‌ನ ಸಿಂಕ್ರೊ ಪ್ರತಿ ಸಲವೂ ಅದರ ಎರಡು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸವನ್ನು ತುಂಬಿಸಬೇಕಾಗಿರುವುದರಿಂದಲೇ ಅದು ಎಲ್ಲಕ್ಕಿಂತ ಮೊದಲು ದೂರು ಹೇಳುತ್ತದೆ, ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಹಳೆಯ ಫೆರಾರಿಗಳಲ್ಲಿಯೂ ಎಣ್ಣೆ ಬಿಸಿಯಾಗುವವರೆಗೆ ಎರಡನೆಯ ಗೇರ್ ಬೀಳದಿರುವುದು ಹೆಸರಾದ ಸಂಗತಿ. ಅವುಗಳ ಮಾಲೀಕರು ಆ ಹೊತ್ತಿನಲ್ಲಿ ಒಂದರಿಂದ ನೇರವಾಗಿ ಮೂರಕ್ಕೆ ಹೋಗುತ್ತಾರೆ. ನೀವೂ ಎಣ್ಣೆ ಬದಲಾಯಿಸಿ ನೋಡಿ. ಅಲ್ಲಿಯವರೆಗೆ ಬೆಳಗಿನ ಹೊತ್ತು ಕಡಿಮೆ ಆರ್‌ಪಿಎಂನಲ್ಲಿ, ಅವಸರವಿಲ್ಲದೆ ಗೇರ್ ಹಾಕಿ. ಎಂಜಿನ್ ನೀರಿನ ಮುಳ್ಳು ಮೇಲೇರಿದ ಮಾತ್ರಕ್ಕೆ ಗೇರ್ ಎಣ್ಣೆ ಬಿಸಿಯಾಯಿತು ಎಂದುಕೊಳ್ಳಬಾರದು, ಅದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು.

ಇನ್ನು ಶಾರ್ಟ್ ಶಿಫ್ಟರ್. ಅದು ಮಾಡುವುದು ಸನ್ನೆಕೋಲಿನ ಲೆಕ್ಕವನ್ನು ಬದಲಾಯಿಸುವ ಕೆಲಸವೊಂದನ್ನೇ. ಲಿವರ್ ತಿರುಗುವ ಬಿಂದುವಿನ ಕೆಳಗಿನ ಭಾಗವನ್ನು ಉದ್ದ ಮಾಡಿ, ಅಥವಾ ಆ ಬಿಂದುವನ್ನೇ ಮೇಲಕ್ಕೆ ಸರಿಸಿ, ನಾಬ್ ಸಾಗಬೇಕಾದ ದೂರವನ್ನು ಕಡಿಮೆ ಮಾಡುತ್ತಾರೆ. ದೂರ 30 ಪ್ರತಿಶತ ಕಡಿಮೆಯಾದರೆ ಅದೇ ಬಲವನ್ನು ಸಿಂಕ್ರೊಗೆ ತಲುಪಿಸಲು ಕೈ ಸುಮಾರು 43 ಪ್ರತಿಶತ ಹೆಚ್ಚು ಒತ್ತಬೇಕಾಗುತ್ತದೆ. ಸಿಂಕ್ರೊಗೆ ತನ್ನ ಕೆಲಸ ಮುಗಿಸಲು ಬೇಕಾದ ಸಮಯ ಇದರಿಂದ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಈಗಾಗಲೇ ತಡೆಯುತ್ತಿರುವ ಎರಡನೆಯ ಗೇರ್ ಶಾರ್ಟ್ ಶಿಫ್ಟರ್ ಹಾಕಿದ ಮೇಲೆ ಇನ್ನೂ ಗಟ್ಟಿ ಎನಿಸುತ್ತದೆ, ಚಾಲಕ ಅದನ್ನು ಗೆಲ್ಲಲು ಬಲ ಹಾಕುತ್ತಾನೆ, ಸವೆತ ಹೆಚ್ಚುತ್ತದೆ. ಬುಷ್, ಎಣ್ಣೆ, ಕ್ಲಚ್ ಎಲ್ಲವೂ ಸರಿಯಾದ ಮೇಲೂ ಲಿವರ್‌ನ ಚಲನೆ ಉದ್ದವೆನಿಸಿದರೆ ಆಗ ಯೋಚಿಸಬಹುದು. ನಿಮ್ಮ ಕಾರಿನ ಲಿವರ್‌ನ ಚಲನೆ ಕಾರ್ಖಾನೆಯಿಂದ ಬಂದಂತೆಯೇ ಚಿಕ್ಕದು ಎಂಬುದನ್ನೂ ನೆನಪಿನಲ್ಲಿಡಿ.

ಪ್ರಶ್ನೆ: ಗೇರ್ ಎಣ್ಣೆ ಬದಲಾಯಿಸಿದರೆ ಗೇರ್ ಮೃದುವಾಗುತ್ತದೆಯೇ? ಜಿಎಲ್-4 ಹಾಕಬೇಕು, ಜಿಎಲ್-5 ಹಾಕಿದರೆ ಹಿತ್ತಾಳೆ ಉಂಗುರಗಳು ತಿಂದುಹೋಗುತ್ತವೆ ಎಂದು ಒಬ್ಬರು, ಜಿಎಲ್-5 ಹೊಸದು, ಆದ್ದರಿಂದ ಅದೇ ಒಳ್ಳೆಯದು ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ.

ಉತ್ತರ: ಇಬ್ಬರ ಮಾತೂ ಪೂರ್ತಿ ನಿಜವಲ್ಲ. ಜಿಎಲ್ ಎಂಬುದು ಗೇರ್ ಎಣ್ಣೆಯ ವರ್ಗದ ಗುರುತು, ಅದರ ಮುಂದಿನ ಅಂಕೆಗಳು ಗುಣಮಟ್ಟದ ಮೆಟ್ಟಿಲುಗಳಲ್ಲ. ಜಿಎಲ್-5 ಎಣ್ಣೆ ಮುಖ್ಯವಾಗಿ ಹೈಪಾಯ್ಡ್ ಗೇರ್‌ಗಳಿಗಾಗಿ, ಅಂದರೆ ಡಿಫರೆನ್ಷಿಯಲ್‌ನಲ್ಲಿ ಹಲ್ಲಿನ ಮೇಲೆ ಹಲ್ಲು ಭಾರಿ ಒತ್ತಡದಲ್ಲಿ ಜಾರುವ ಕಡೆಗಾಗಿ ರೂಪುಗೊಂಡದ್ದು. ಆ ಕಾರಣಕ್ಕೆ ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಜಿಎಲ್-4ರಲ್ಲಿ ಇರುವುದಕ್ಕಿಂತ ಹೆಚ್ಚಾಗಿರುತ್ತವೆ. ಕೆಲವು ಸೂತ್ರಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಇವು ಬಿಸಿಯಾದಾಗ ತಾಮ್ರದ ಮಿಶ್ರಲೋಹಗಳನ್ನು ಕೊರೆಯಬಲ್ಲವು. ನಮ್ಮ ಈಗಿನ ವಿಷಯಕ್ಕೆ ಇದಕ್ಕಿಂತಲೂ ಹತ್ತಿರದ ಇನ್ನೊಂದು ಕಾರಣವಿದೆ. ಸಿಂಕ್ರೊ ಉಂಗುರ ಕೆಲಸ ಮಾಡುವುದೇ ಘರ್ಷಣೆಯಿಂದ. ಜಾರುವಿಕೆಯನ್ನು ವಿಪರೀತ ಹೆಚ್ಚಿಸುವ ಎಣ್ಣೆಯಲ್ಲಿ ಅದು ಶಂಕುವನ್ನು ಹಿಡಿಯಲು ತಡಮಾಡುತ್ತದೆ, ಆ ತಡವೇ ಕೈಗೆ ತಡೆಯಾಗಿಯೋ ಕರಕರ ಸದ್ದಾಗಿಯೋ ತಿಳಿಯುತ್ತದೆ.

ಹಾಗೆಂದು ಜಿಎಲ್-5 ಎಲ್ಲ ಕಡೆಯೂ ನಿಷಿದ್ಧವಲ್ಲ. ಸುಬಾರು ಕಾರುಗಳಲ್ಲಿ ಗೇರ್‌ಬಾಕ್ಸ್‌ಗೂ ಮುಂದಿನ ಡಿಫರೆನ್ಷಿಯಲ್‌ಗೂ ಒಂದೇ ಎಣ್ಣೆ. ಅಲ್ಲಿ ಹೈಪಾಯ್ಡ್ ಹಲ್ಲುಗಳಿರುವುದರಿಂದ ತಯಾರಕರೇ ಜಿಎಲ್-5 ಸೂಚಿಸುತ್ತಾರೆ, ಸಿಂಕ್ರೊಗಳನ್ನೂ ಅದಕ್ಕೆ ಹೊಂದುವಂತೆ ಮಾಡಿರುತ್ತಾರೆ. ಹೋಂಡಾ ತನ್ನ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗಳಿಗೆ ತನ್ನದೇ ಎಂಟಿಎಫ್ ಎಂಬ ತೆಳು ಎಣ್ಣೆಯನ್ನು ಹೇಳುತ್ತದೆ. ಬಿಎಂಡಬ್ಲ್ಯುವಿನ ಹಲವು ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗಳ ಮೇಲೆ ಎಟಿಎಫ್, ಅಂದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ ಹಾಕಬೇಕು ಎಂಬ ಚೀಟಿಯೇ ಅಂಟಿರುತ್ತದೆ. ಅಂಥದಕ್ಕೆ 75ಡಬ್ಲ್ಯು-90 ಎಂಬ ದಪ್ಪ ಗೇರ್ ಎಣ್ಣೆ ಸುರಿದರೆ ಚಳಿಯಲ್ಲಿ ಗೇರ್ ಬೀಳುವುದೇ ಕಷ್ಟ. ಆದ್ದರಿಂದ ಕೈಪಿಡಿ ಹೇಳಿದ ವರ್ಗವನ್ನು ಮೀರಬೇಡಿ. ಆ ವರ್ಗದ ಒಳಗೆ ಒಳ್ಳೆಯ ಸಿಂಥೆಟಿಕ್ ಎಣ್ಣೆಯನ್ನು ಆಯ್ದುಕೊಳ್ಳಿ. ಅದು ಚಳಿಯಲ್ಲಿ ಬೇಗ ಹರಿಯುತ್ತದೆ, ಕಾದಾಗ ತೀರ ತೆಳುವಾಗುವುದಿಲ್ಲ. ಜೀವಮಾನಪೂರ್ತಿ ಬದಲಾಯಿಸಬೇಕಿಲ್ಲ ಎಂದು ಬರೆದಿರುವ ಗೇರ್‌ಬಾಕ್ಸ್‌ಗಳಲ್ಲಿಯೂ ಎಣ್ಣೆ ಹಳತಾಗುತ್ತದೆ, ಬದಲಾಯಿಸುವುದರಿಂದ ಲಾಭವಿದೆ.

ಎಣ್ಣೆ ಇಳಿಸುವ ಮೊದಲು ತುಂಬಿಸುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೆಳಗಿನದನ್ನು ಮೊದಲು ತೆಗೆದು, ಎಣ್ಣೆಯೆಲ್ಲ ಹೋದ ಮೇಲೆ ಮೇಲಿನದು ತುಕ್ಕು ಹಿಡಿದು ಅಲುಗದಿದ್ದರೆ ಕಾರು ನಿಂತಲ್ಲೇ ನಿಲ್ಲುತ್ತದೆ. ಇಳಿದ ಎಣ್ಣೆಯನ್ನು ಅಗಲವಾದ ಪಾತ್ರೆಯಲ್ಲಿ ಹಿಡಿದು ಬೆಳಕಿನಲ್ಲಿ ಓರೆಯಾಗಿ ನೋಡಿ. ಬಂಗಾರದ ಬಣ್ಣದ ನವಿರಾದ ಮಿನುಗು ಸ್ವಲ್ಪ ಕಂಡರೆ ಅದು ಸಿಂಕ್ರೊ ಉಂಗುರಗಳ ಸಹಜ ಸವೆತ. ಪ್ಲಗ್‌ನ ಅಯಸ್ಕಾಂತದ ಮೇಲಿನ ಬೂದು ಬಣ್ಣದ ನುಣ್ಣನೆಯ ಕೆಸರೂ ಸಹಜವೇ. ಬೆರಳ ನಡುವೆ ಉಜ್ಜಿದಾಗ ಚುಚ್ಚುವ ಉಕ್ಕಿನ ಚೂರುಗಳು ಸಿಕ್ಕರೆ ಮಾತ್ರ ಎಣ್ಣೆಯ ಚರ್ಚೆಯನ್ನು ಅಲ್ಲಿಗೆ ನಿಲ್ಲಿಸಿ ಗೇರ್‌ಬಾಕ್ಸ್ ಬಿಚ್ಚಿಸುವ ಯೋಚನೆ ಮಾಡಿ.

ಪ್ರಶ್ನೆ: ಎಂಜಿನ್ ಸೀಟಿನ ಹಿಂದಿರುವ ಕಾರು ನನ್ನದು. ಗೇರ್ ಕೇಬಲ್ ಮೂಲಕ ಬೀಳುತ್ತದೆ. ಲಿವರ್ ರಬ್ಬರಿನಲ್ಲಿ ಹೂತಿಟ್ಟಂತೆ ಅನಿಸುತ್ತದೆ. ಮೂರರಿಂದ ಎರಡಕ್ಕೆ ಇಳಿಸುವಾಗ ದಾರಿಯೇ ಸಿಗುವುದಿಲ್ಲ. ಎಲ್ಲ ಬುಷ್‌ಗಳನ್ನೂ ಲೋಹದವಕ್ಕೆ ಬದಲಾಯಿಸಬೇಕೇ?

ಉತ್ತರ: ಮೊದಲು ತೊಂದರೆ ಯಾವ ಕಡೆ ಇದೆ ಎಂದು ಕಂಡುಕೊಳ್ಳಿ, ಆಮೇಲೆ ಭಾಗಗಳನ್ನು ತರಿಸಿ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಎರಡು ಕೇಬಲ್‌ಗಳಿರುತ್ತವೆ. ಒಂದು ಎಡಬಲ ಚಲನೆಯನ್ನು, ಇನ್ನೊಂದು ಹಿಂದುಮುಂದಿನ ಚಲನೆಯನ್ನು ಗೇರ್‌ಬಾಕ್ಸ್‌ಗೆ ಒಯ್ಯುತ್ತದೆ. ಎಂಜಿನ್ ನಿಲ್ಲಿಸಿ, ಗೇರ್‌ಬಾಕ್ಸ್ ಬದಿಯ ಎರಡೂ ತುದಿಗಳನ್ನು ಕಳಚಿ. ಈಗ ಒಳಗೆ ಕುಳಿತು ಲಿವರನ್ನು ಆಡಿಸಿದಾಗ ಅದು ಬಿಗಿಯಾಗಿದ್ದರೆ ದೋಷ ಕೇಬಲ್‌ನಲ್ಲಿ ಅಥವಾ ಲಿವರ್‌ನ ತಳದಲ್ಲಿದೆ. ಲಿವರ್ ಹಗುರವಾಗಿ ಆಡಿ, ಗೇರ್‌ಬಾಕ್ಸ್ ಮೇಲಿನ ತೋಳುಗಳನ್ನು ಕೈಯಿಂದ ತಿರುಗಿಸಿದಾಗ ಅವು ಬಿಗಿಯಾಗಿದ್ದರೆ ದೋಷ ಗೇರ್‌ಬಾಕ್ಸ್‌ನಲ್ಲಿದೆ. ಎರಡೂ ಸಲೀಸಾಗಿದ್ದು ಜೋಡಿಸಿದಾಗ ಮಾತ್ರ ತೊಂದರೆ ಕಂಡರೆ ಹೊಂದಾಣಿಕೆ ತಪ್ಪಿದೆ, ಇಲ್ಲವೇ ತುದಿಯ ಬುಷ್‌ಗಳು ಮೆತ್ತಗಾಗಿವೆ. ಈ ಪರೀಕ್ಷೆ ಮಾಡದೆ ಹೊಸ ಕೇಬಲ್ ತರಿಸುವುದು ಕತ್ತಲಲ್ಲಿ ಸೂಜಿ ಹುಡುಕಿದಂತೆ.

ಮೂರರಿಂದ ಎರಡಕ್ಕೆ ಹೋಗುವಾಗ ಎಡಬಲದ ಚಲನೆಯೂ ಬೇಕಾಗುವುದರಿಂದ ನಿಮ್ಮ ವಿವರಣೆ ಎಡಬಲದ ಕೇಬಲ್‌ನ ಕಡೆಗೆ ಬೆರಳು ತೋರುತ್ತದೆ. ಅನೇಕ ಕಾರುಗಳಲ್ಲಿ ಲಿವರನ್ನು ನ್ಯೂಟ್ರಲ್‌ನಲ್ಲಿ ಒಂದು ಪಿನ್ ತೂರಿಸಿ ಬಂಧಿಸಿ, ಕೇಬಲ್‌ನ ಉದ್ದವನ್ನು ಆ ಸ್ಥಿತಿಯಲ್ಲಿ ಹೊಂದಿಸುವ ವ್ಯವಸ್ಥೆ ಇರುತ್ತದೆ. ಒಂದೆರಡು ಮಿಲಿಮೀಟರ್ ತಪ್ಪಿದರೂ ಲಿವರ್ ತನ್ನ ಸಾಲಿನ ಅಂಚಿಗೆ ಉಜ್ಜಿಕೊಂಡು ಹೋಗುತ್ತದೆ. ಕೇಬಲ್ ಎಕ್ಸಾಸ್ಟ್ ಹತ್ತಿರ ಹಾದುಹೋಗಿದ್ದರೆ ಅದರ ಹೊದಿಕೆ ಕರಗಿದೆಯೇ, ಎಲ್ಲಾದರೂ ಮಡಿಸಿದಂತೆ ಬಾಗಿದೆಯೇ ನೋಡಿ. ತಯಾರಕರು ಹೇಳಿರದಿದ್ದರೆ ಕೇಬಲ್‌ನೊಳಗೆ ಎಣ್ಣೆ ಬಿಡಬೇಡಿ.

ಬುಷ್‌ಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಹೀಗಿದೆ. ಲಿವರ್‌ನ ತಳವನ್ನು ನೆಲಕ್ಕೆ ಬಿಗಿಯುವ ಕಡೆ ರಬ್ಬರಿನ ಬದಲು ಲೋಹದ ಬುಷ್ ಹಾಕುವುದರಿಂದ ನಷ್ಟ ಬಹಳ ಕಡಿಮೆ, ಲಾಭ ಹೆಚ್ಚು. ತಳವೇ ಅಲುಗಾಡುತ್ತಿದ್ದರೆ ಕೈಯ ಚಲನೆಯ ಒಂದು ಪಾಲು ಅಲ್ಲಿಯೇ ಕಳೆದುಹೋಗುತ್ತದೆ. ಗೇರ್‌ಬಾಕ್ಸ್ ಬದಿಯ ತುದಿಗಳಿಗೂ ಲೋಹ ಹಾಕಿದರೆ ಖಚಿತತೆ ಇನ್ನಷ್ಟು ಬರುತ್ತದೆ, ಜೊತೆಗೆ ಎಂಜಿನ್‌ನ ನಡುಕವೂ ಅಂಗೈಗೆ ಬರುತ್ತದೆ. ದಿನವೂ ಓಡಿಸುವ ಕಾರಾದರೆ ಆ ತುದಿಗಳಿಗೆ ಗಟ್ಟಿ ಪಾಲಿಯುರೆಥೇನ್ ಸಾಕು. ಎಂಜಿನ್ ಮೌಂಟ್‌ಗಳು ಸವೆದಿದ್ದರೆ ಮಾತ್ರ ಇವೆಲ್ಲಕ್ಕಿಂತ ಮೊದಲು ಅವನ್ನು ಬದಲಾಯಿಸಿ. ಆಕ್ಸಿಲರೇಟರ್ ತುಳಿದಾಗಲೂ ಬಿಟ್ಟಾಗಲೂ ಎಂಜಿನ್ ವಾಲಿದರೆ ಅದಕ್ಕೆ ಬಿಗಿದಿರುವ ಗೇರ್‌ಬಾಕ್ಸೂ ವಾಲುತ್ತದೆ, ಲಿವರ್ ಮಾತ್ರ ನೆಲದ ಮೇಲೆ ಇದ್ದಲ್ಲೇ ಇರುತ್ತದೆ.

ಕೇಬಲ್ ಇದ್ದಮೇಲೆ ಗೇರ್ ಹಿತವಾಗಿ ಬೀಳುವುದೇ ಇಲ್ಲ ಎಂಬ ನಂಬಿಕೆ ಸರಿಯಲ್ಲ. ಲೋಟಸ್ ಎಕ್ಸೀಜ್‌ನ ಎಂಜಿನ್ ಕೂಡ ನಡುವೆಯೇ ಇರುವುದು. ಸ್ಪೋರ್ಟ್ 350 ಮಾದರಿಯಲ್ಲಿ ಆ ಸಂಸ್ಥೆ ಲಿವರ್‌ನ ತಳದ ಜೋಡಣೆಯನ್ನು ಹೊಸದಾಗಿ ವಿನ್ಯಾಸಗೊಳಿಸಿ, ಮುಚ್ಚದೆ ಕಣ್ಣಿಗೆ ಕಾಣುವಂತೆಯೇ ಬಿಟ್ಟಿತು. ಗೇರ್ ಬದಲಾವಣೆಯ ಗುಣ ಅಲ್ಲಿ ಎದ್ದು ಕಾಣುವಷ್ಟು ಸುಧಾರಿಸಿತು.

ಪ್ರಶ್ನೆ: ಭಾರವಾದ ಲೋಹದ ಗೇರ್ ನಾಬ್ ಹಾಕಿದರೆ ನಿಜವಾಗಿ ಪ್ರಯೋಜನ ಇದೆಯೇ, ಅಥವಾ ಅದು ಬರೀ ಅಲಂಕಾರವೇ?

ಉತ್ತರ: ಪ್ರಯೋಜನ ಇದೆ, ಆದರೆ ಮಿತವಾದದ್ದು. ನಾಬ್‌ನ ತೂಕ ಹೆಚ್ಚಿದಾಗ ಕೈ ಕೊಟ್ಟ ವೇಗವನ್ನು ಲಿವರ್ ತಾನೇ ಸ್ವಲ್ಪ ಹೊತ್ತು ಉಳಿಸಿಕೊಳ್ಳುವುದರಿಂದ ಡಿಟೆಂಟ್ ಮತ್ತು ಸಿಂಕ್ರೊಗಳ ಸಣ್ಣ ತಡೆಗಳು ನಯವಾದಂತೆ ತೋರುತ್ತವೆ. ಸಡಿಲವಾದ ಬುಷ್ ಇದರಿಂದ ಬಿಗಿಯಾಗುವುದಿಲ್ಲ, ಸವೆದ ಸಿಂಕ್ರೊ ಮರಳುವುದಿಲ್ಲ. ಎತ್ತರವನ್ನೂ ಗಮನಿಸಿ. ನಾಬ್ ಎತ್ತರವಾದಷ್ಟು ಚಲನೆ ಉದ್ದ, ಒತ್ತುವ ಶ್ರಮ ಕಡಿಮೆ. ತಗ್ಗಾದಷ್ಟು ಚಲನೆ ಚಿಕ್ಕದು, ಶ್ರಮ ಹೆಚ್ಚು. ಶಾರ್ಟ್ ಶಿಫ್ಟರ್ ಬಗ್ಗೆ ಆಸೆ ಇದ್ದು ನಿರ್ಧಾರವಾಗದವರು ಮೊದಲು ತಗ್ಗಾದ ನಾಬ್ ಹಾಕಿ ನೋಡಬಹುದು. ಒಪ್ಪದಿದ್ದರೆ ನಿಮಿಷದಲ್ಲಿ ಹಳೆಯದನ್ನು ಮರಳಿ ತಿರುಗಿಸಬಹುದು. ಬಿಸಿಲಿನಲ್ಲಿ ನಿಲ್ಲಿಸುವ ಕಾರಿಗೆ ಬರಿಯ ಲೋಹದ ನಾಬ್ ಕೈ ಸುಡುತ್ತದೆ; ಚರ್ಮದ ಹೊದಿಕೆ ಇರುವುದು ವಾಸಿ.

ಪ್ರಶ್ನೆ: ಎಂಜಿನ್ ಆಫ್ ಇದ್ದಾಗ ಎಲ್ಲ ಗೇರ್‌ಗಳೂ ಬೆಣ್ಣೆಯಂತೆ ಬೀಳುತ್ತವೆ. ಎಂಜಿನ್ ಚಾಲೂ ಮಾಡಿ ನಿಂತಲ್ಲಿ ಒಂದನೆಯ ಗೇರ್ ಹಾಕಲು ಹೋದರೆ ಬಲ ಬೇಕು. ರಿವರ್ಸ್ ಹಾಕಿದರೆ ಗರ್ರೆನ್ನುತ್ತದೆ. ಲಿವರ್‌ನ ಬುಷ್‌ಗಳನ್ನೆಲ್ಲ ಬದಲಾಯಿಸಿಯೂ ಆಯಿತು.

ಉತ್ತರ: ನಿಮ್ಮ ಪ್ರಶ್ನೆಯ ಮೊದಲ ಎರಡು ವಾಕ್ಯಗಳಲ್ಲೇ ರೋಗ ಯಾವುದೆಂದು ಗೊತ್ತಾಗುತ್ತದೆ. ಕ್ಲಚ್ ಪೂರ್ತಿಯಾಗಿ ಬಿಡಿಸಿಕೊಳ್ಳುತ್ತಿಲ್ಲ. ಪೆಡಲ್ ತಳಕ್ಕೆ ತಾಗಿದರೂ ಕ್ಲಚ್ ಪ್ಲೇಟ್ ಫ್ಲೈವೀಲ್‌ಗೆ (ಎಂಜಿನ್ ತುದಿಯ ಭಾರವಾದ ಚಕ್ರ) ಸ್ವಲ್ಪ ತಾಗಿಕೊಂಡೇ ತಿರುಗುತ್ತಿದೆ, ಇನ್‌ಪುಟ್ ಶಾಫ್ಟನ್ನೂ ತಿರುಗಿಸುತ್ತಿದೆ. ಖಚಿತಪಡಿಸಿಕೊಳ್ಳಲು ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ತುಳಿದು ಹತ್ತು ಸೆಕೆಂಡು ಕಾದು ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಶಾಫ್ಟ್ ನಿಂತಿರಲೇಬೇಕು. ಆಗಲೂ ಸದ್ದು ಬಂದರೆ ಅನುಮಾನವೇ ಬೇಡ. ಕಾದ ಮೇಲೆ ಸದ್ದಿಲ್ಲದೆ ಬಿದ್ದರೆ ಅಷ್ಟು ಗಾಬರಿ ಬೇಕಿಲ್ಲ, ಏಕೆಂದರೆ ಹಲವು ಗೇರ್‌ಬಾಕ್ಸ್‌ಗಳಲ್ಲಿ ರಿವರ್ಸ್‌ಗೆ ಸಿಂಕ್ರೊ ಇರುವುದಿಲ್ಲ. ಮೊದಲು ಒಂದು ಮುಂದಿನ ಗೇರ್‌ಗೆ ಹಾಕಿ ಶಾಫ್ಟನ್ನು ನಿಲ್ಲಿಸಿ ಆಮೇಲೆ ರಿವರ್ಸ್ ಹಾಕುವುದು ಅಲ್ಲಿ ಸರಿಯಾದ ಕ್ರಮ.

ದೋಷ ಇದೆ ಎಂದಾದರೆ ಹೈಡ್ರಾಲಿಕ್ ಕ್ಲಚ್‌ನ ಎಣ್ಣೆಯಿಂದ ಶುರುಮಾಡಿ. ಬ್ರೇಕ್‌ಗೆ ಬಳಸುವ ಡಾಟ್ 4 ಮಾದರಿಯ ದ್ರವವೇ ಇಲ್ಲಿಯೂ ಇರುವುದು ಸಾಮಾನ್ಯ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬ್ರೇಕ್‌ನ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುವವರು ಕೂಡ ಕ್ಲಚ್‌ನ ಸಾಲಿನಲ್ಲಿರುವ ಅದೇ ದ್ರವವನ್ನು ಮರೆತಿರುತ್ತಾರೆ. ಡಬ್ಬಿಯಲ್ಲಿ ಕಪ್ಪಾದ ದ್ರವ ಕಂಡರೆ ಪೂರ್ತಿ ಬದಲಾಯಿಸಿ, ಗಾಳಿ ತೆಗೆಸಿ. ಹೊರಗೆ ಬಿಗಿದಿರುವ ಸ್ಲೇವ್ ಸಿಲಿಂಡರ್ (ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಇದ್ದರೆ ಅದರ ರಬ್ಬರ್ ಟೋಪಿಯನ್ನು ಸ್ವಲ್ಪ ಎತ್ತಿ ನೋಡಿ. ಒಳಗೆ ಒದ್ದೆಯಾಗಿದ್ದರೆ ಸೀಲ್ ಹೋಗಿದೆ. ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬಿದರೂ ಪೆಡಲ್‌ನ ಚಲನೆ ಪೂರ್ತಿಯಾಗಿ ಕ್ಲಚ್‌ಗೆ ತಲುಪುವುದಿಲ್ಲ; ಉಕ್ಕಿನ ಹೆಣಿಗೆ ಇರುವ ಹೋಸ್ ಇಲ್ಲಿ ಒಳ್ಳೆಯ ಬದಲಾವಣೆ. ಪೆಡಲ್‌ನ ತಳ್ಳುಕಡ್ಡಿಯಲ್ಲಿ ಸಡಿಲ (ಪ್ಲೇ) ಹೆಚ್ಚಾಗಿದ್ದರೆ ಕೈಪಿಡಿಯ ಅಳತೆಗೆ ತನ್ನಿ. ಇಷ್ಟೆಲ್ಲ ಸರಿಯಿದ್ದೂ ಶಾಫ್ಟ್ ತಿರುಗುತ್ತಲೇ ಇದ್ದರೆ ಫ್ಲೈವೀಲ್‌ನ ನಡುವಿನ ಪೈಲಟ್ ಬೇರಿಂಗ್ ಹಿಡಿದುಕೊಂಡಿರಬಹುದು, ಅಥವಾ ಇನ್‌ಪುಟ್ ಶಾಫ್ಟ್‌ನ ಉದ್ದುದ್ದ ಹಲ್ಲುಗಳ (ಸ್ಪ್ಲೈನ್) ಮೇಲೆ ಪ್ಲೇಟ್ ಸರಾಗವಾಗಿ ಜಾರದಿರಬಹುದು. ಅವೆರಡನ್ನೂ ಗೇರ್‌ಬಾಕ್ಸ್ ಇಳಿಸಿದಾಗ ಮಾತ್ರ ನೋಡಲು ಸಾಧ್ಯ.

ಬಿಎಂಡಬ್ಲ್ಯು ಓಡಿಸುವವರಿಗೆ ಇಲ್ಲಿಯೇ ಒಂದು ಮಾತು. ಆ ಸಂಸ್ಥೆಯ ಹಲವು ಮ್ಯಾನ್ಯುಯಲ್ ಕಾರುಗಳಲ್ಲಿ ಕ್ಲಚ್‌ನ ದ್ರವದ ದಾರಿಯಲ್ಲಿ ಕಿರಿದಾದ ರಂಧ್ರವಿರುವ ಕವಾಟವೊಂದಿದೆ. ಅವಸರದಲ್ಲಿ ಪೆಡಲ್ ಬಿಟ್ಟಾಗ ಕ್ಲಚ್ ಏಕಾಏಕಿ ಕಚ್ಚಿ ಗಾಡಿ ಎಗರದಿರಲಿ ಎಂಬುದು ಅದರ ಉದ್ದೇಶ. ವೇಗವಾಗಿ ಗೇರ್ ಬದಲಾಯಿಸುವಾಗ ಕಾಲು ಹೇಳಿದ್ದಕ್ಕೂ ಕ್ಲಚ್ ಮಾಡಿದ್ದಕ್ಕೂ ನಡುವೆ ಅಂತರ ಬರುವುದೂ ಅದರಿಂದಲೇ. ಅದನ್ನು ತೆಗೆಸಿದವರು ಗೇರ್‌ಬಾಕ್ಸೇ ಬದಲಾದಂತಾಯಿತು ಎನ್ನುವುದು ಉತ್ಪ್ರೇಕ್ಷೆಯಲ್ಲ.

ಪ್ರಶ್ನೆ: ಹಗುರ ಫ್ಲೈವೀಲ್ ಹಾಕಿಸಿದರೆ ಸಿಂಕ್ರೊಗಳ ಮೇಲಿನ ಭಾರ ಕಡಿಮೆಯಾಗುತ್ತದೆಯೇ?

ಉತ್ತರ: ಇಲ್ಲ. ಕ್ಲಚ್ ತುಳಿದ ಕ್ಷಣದಿಂದ ಫ್ಲೈವೀಲ್‌ಗೂ ಗೇರ್‌ಬಾಕ್ಸ್‌ಗೂ ಸಂಬಂಧ ಕಡಿದಿರುತ್ತದೆ. ಸಿಂಕ್ರೊ ನಿಧಾನಗೊಳಿಸಬೇಕಾದದ್ದು ಕ್ಲಚ್ ಪ್ಲೇಟ್, ಇನ್‌ಪುಟ್ ಶಾಫ್ಟ್ ಮತ್ತು ಅದರೊಂದಿಗೆ ಸುತ್ತುವ ಗೇರ್‌ಗಳನ್ನು. ಆದ್ದರಿಂದ ಸಿಂಕ್ರೊಗೆ ವ್ಯತ್ಯಾಸ ತರುವುದು ಕ್ಲಚ್ ಪ್ಲೇಟ್‌ನ ತೂಕ. ಎಂಜಿನ್ ಬಲ ಹೆಚ್ಚಿಸಿದ ಕಾರಿಗೆ ಭಾರವಾದ ಪ್ಲೇಟ್ ಹಾಕಿಸಿದ ಮೇಲೆ ಎರಡನೆಯ ಗೇರ್ ತಡೆಯಲಾರಂಭಿಸಿದರೆ ಅದು ಆಕಸ್ಮಿಕವಲ್ಲ. ಹಗುರ ಫ್ಲೈವೀಲ್‌ನಿಂದ ಎಂಜಿನ್‌ನ ವೇಗ ಬೇಗ ಏರಿಳಿಯುತ್ತದೆ, ಕ್ಲಚ್ ಬಿಡುವಾಗಿನ ಹೊಂದಾಣಿಕೆ ಬೇಗ ಆಗುತ್ತದೆ ಎಂಬುದು ನಿಜ, ಅದರ ಲಾಭ ಅಷ್ಟೇ.

ಪ್ರಶ್ನೆ: 1980ರ ದಶಕದ ಆರಂಭದ ಪೋರ್ಷೆ 911 ಒಂದನ್ನು ನೋಡಿಕೊಳ್ಳುತ್ತಿದ್ದೇನೆ. ಎಲ್ಲವನ್ನೂ ಹೊಂದಿಸಿದ ಮೇಲೂ ಅದರ ಗೇರ್ ಹೊಸ ಕಾರುಗಳಷ್ಟು ಚುರುಕಾಗಿ ಬೀಳುವುದಿಲ್ಲ. ಓಡಿಸುವ ರೀತಿಯಲ್ಲಿ ಏನಾದರೂ ಬದಲಾಯಿಸಬೇಕೇ?

ಉತ್ತರ: ಹೌದು. ಅದು 915 ಗೇರ್‌ಬಾಕ್ಸ್. ಅದರಲ್ಲಿರುವುದು ಪೋರ್ಷೆಯದೇ ಸೀಳುಂಗುರದ ಸಿಂಕ್ರೊ. ಲಿವರನ್ನು ಒತ್ತಿದಾಗ ಆ ಉಂಗುರ ಹಿಗ್ಗಿ ಹಿಡಿಯುತ್ತದೆ. ಅವಸರದ ಕೈಗೆ ಅದು ಒಗ್ಗುವುದಿಲ್ಲ. ಸಂಸ್ಥೆಯೇ 1987ರ ಮಾದರಿಯಿಂದ ಜಿ50 ಗೇರ್‌ಬಾಕ್ಸ್‌ಗೂ ಬೋರ್ಗ್-ವಾರ್ನರ್ ಮಾದರಿಯ ಸಿಂಕ್ರೊಗೂ ಬದಲಾಯಿತು. ಆ ವ್ಯತ್ಯಾಸವನ್ನು ಬುಷ್ ಅಥವಾ ಎಣ್ಣೆಯಿಂದ ತುಂಬಲಾಗದು, ತುಂಬಬೇಕಾದ ಅಗತ್ಯವೂ ನಮಗೆ ಕಾಣುವುದಿಲ್ಲ. ಲಿವರನ್ನು ನ್ಯೂಟ್ರಲ್‌ಗೆ ತಂದು, ಮುಂದಿನ ಗೇರ್‌ನ ಬಾಯಿಗೆ ಮೆತ್ತಗೆ ಒರಗಿಸಿ, ಅದು ತಾನಾಗಿ ದಾರಿ ಬಿಟ್ಟಾಗ ಒಳಗೆ ಕಳಿಸಿ. ಇಡೀ ಚಲನೆಗೆ ಅರ್ಧ ಸೆಕೆಂಡು ಹೆಚ್ಚು ಕೊಟ್ಟರೆ ಸಾಕು.

ಗೇರ್ ಇಳಿಸುವಾಗ ಡಬಲ್ ಕ್ಲಚ್ ಅಭ್ಯಾಸ ಮಾಡಿಕೊಳ್ಳಿ. ಕ್ಲಚ್ ತುಳಿದು ನ್ಯೂಟ್ರಲ್‌ಗೆ ಬಂದು ಕ್ಲಚ್ ಬಿಡಿ, ಕೆಳಗಿನ ಗೇರ್‌ಗೆ ಬೇಕಾದಷ್ಟು ಎಂಜಿನ್‌ನ ವೇಗ ಏರಿಸಿ, ಮತ್ತೆ ಕ್ಲಚ್ ತುಳಿದು ಗೇರ್ ಹಾಕಿ. ಕ್ಲಚ್ ತುಳಿದುಕೊಂಡೇ ಆಕ್ಸಿಲರೇಟರ್ ಒತ್ತಿದರೆ ಕ್ಲಚ್ ಬಿಡುವಾಗಿನ ಜಗ್ಗು ತಪ್ಪುತ್ತದೆಯೇ ಹೊರತು ಸಿಂಕ್ರೊಗೆ ವಿಶ್ರಾಂತಿ ಸಿಗುವುದಿಲ್ಲ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಮಾತ್ರ ಎಂಜಿನ್ ಆ ಶಾಫ್ಟಿನ ವೇಗವನ್ನು ತಾನೇ ಏರಿಸಿ ಕೊಡುತ್ತದೆ. ಸರಿಯಾಗಿ ಮಾಡಿದ ದಿನ ಎರಡನೆಯ ಗೇರ್ ತಡೆಯೇ ಇಲ್ಲದೆ ಒಳಗೆ ಹೋಗುವುದನ್ನು ನೀವೇ ಕಾಣುತ್ತೀರಿ. ಓಡಿಸುವಾಗ ಕೈಯನ್ನು ಲಿವರ್ ಮೇಲೆ ಇಟ್ಟುಕೊಂಡೇ ಇರುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಆ ಸಣ್ಣ ಭಾರ ಫೋರ್ಕನ್ನು ಸುತ್ತುತ್ತಿರುವ ಸ್ಲೀವ್‌ಗೆ ಸದಾ ಒತ್ತಿ ಹಿಡಿಯುತ್ತದೆ, ಸವೆದ ಫೋರ್ಕ್ ಬದಲಾಯಿಸಲು ಗೇರ್‌ಬಾಕ್ಸ್ ಪೂರ್ತಿ ಬಿಚ್ಚಬೇಕಾಗುತ್ತದೆ.

ಪ್ರಶ್ನೆ: ಎಣ್ಣೆ, ಕ್ಲಚ್, ಬುಷ್ ಎಲ್ಲ ಹೊಸದು. ಬಿಸಿಯಾದ ಮೇಲೂ ಮೂರನೆಯ ಗೇರ್ ಒಂದು ಮಾತ್ರ ಕರಕರ ಎನ್ನುತ್ತದೆ. ಒಮ್ಮೊಮ್ಮೆ ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆ.

ಉತ್ತರ: ಈಗ ಗೇರ್‌ಬಾಕ್ಸ್ ಬಿಚ್ಚಿಸುವುದೇ ಸರಿ. ಒಂದೇ ಗೇರ್‌ಗೆ ಸೀಮಿತವಾದ ಸದ್ದು ಆ ಗೇರ್‌ನ ಸಿಂಕ್ರೊ ಸವೆದಿರುವುದರ ಲಕ್ಷಣ. ಗೇರ್ ಹಾರುವುದು ಸ್ಲೀವ್‌ನ ಹಲ್ಲುಗಳ ತುದಿ ಉರುಟಾಗಿರುವುದರ, ಫೋರ್ಕ್ ಬಾಗಿರುವುದರ ಅಥವಾ ಡಿಟೆಂಟ್‌ನ ಸ್ಪ್ರಿಂಗ್ ಸೋತಿರುವುದರ ಲಕ್ಷಣ. ಕೆಲಸ ಮಾಡುವವರಿಗೆ ಉಂಗುರವನ್ನಷ್ಟೇ ಬದಲಾಯಿಸಲು ಹೇಳಬೇಡಿ. ಉಂಗುರವನ್ನು ಗೇರ್‌ನ ಶಂಕುವಿನ ಮೇಲೆ ಕೂರಿಸಿ ಎರಡರ ನಡುವಿನ ಸಂದನ್ನು ಫೀಲರ್ ಗೇಜ್‌ನಿಂದ ಅಳೆದು ಕೈಪಿಡಿಯ ಮಿತಿಯೊಂದಿಗೆ ಹೋಲಿಸಲು ಹೇಳಿ. ಸ್ಲೀವ್ ಮತ್ತು ಹಬ್‌ನ ಹಲ್ಲುಗಳು, ಫೋರ್ಕ್‌ನ ತುದಿಯ ದಪ್ಪ, ಡಿಟೆಂಟ್ ಸ್ಪ್ರಿಂಗ್‌ಗಳ ಉದ್ದ, ಬೇರಿಂಗ್‌ಗಳು ಇವನ್ನೂ ಅದೇ ಹೊತ್ತಿನಲ್ಲಿ ನೋಡಿಸಿ. ಎರಡನೆಯ ಗೇರ್‌ನ ಉಂಗುರ ಇನ್ನೂ ಮಿತಿಯೊಳಗಿದ್ದರೂ ಬಾಕ್ಸ್ ಬಿಚ್ಚಿರುವಾಗಲೇ ಅದನ್ನೂ ಹೊಸದು ಹಾಕಿಸಿಬಿಡಿ. ಮತ್ತೆ ಕೂಡಿಸಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಹೊಸ ಉಂಗುರಗಳು ಶಂಕುವಿಗೆ ಹೊಂದಿಕೊಳ್ಳುವವರೆಗೆ ಗೇರ್ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ಆ ಅವಧಿಯಲ್ಲಿ ಹೆಚ್ಚಿನ ಆರ್‌ಪಿಎಂನಲ್ಲಿ ಗೇರ್ ಬದಲಾಯಿಸದಿರಿ. ಅದು ಮುಗಿದ ಮೇಲೆ ಎಣ್ಣೆಯನ್ನು ಒಮ್ಮೆ ಇಳಿಸಿ ಹೊಸದು ತುಂಬಿಸಿ.